ಹಳೆಯ ಮೇಜಿಗೆ ಕಡಿಮೆ ಖರ್ಚಿನಲ್ಲಿ ಶ್ಯಾಬಿ ಶಿಕ್ ರೂಪ

1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೇಚಲ್ ಆಶ್‌ವೆಲ್ ಅವರು ತೆರೆದ ಅಂಗಡಿಯಿಂದ ಹೆಸರಾದ, ಬಳಸಿ ಸವೆದಂತಹ ಚೆಂದದ ಹಳೆಯ ನೋಟ ಕೊಡುವ ಶ್ಯಾಬಿ ಶಿಕ್ ಶೈಲಿಗೆ ಹೊಸ ಪೀಠೋಪಕರಣ ಕೊಳ್ಳಬೇಕಿಲ್ಲ. ಮೂಲೆ ಸೇರಿದ ಸಾಧಾರಣ ಮರದ ಮೇಜು ಸಾಕು. ಒಳ್ಳೆಯ ತೇಗ, ಬೀಟೆಗಳ ಮೇಲೆ ಬಣ್ಣ ಬಳಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೊದಲು ಸಾಬೂನು ನೀರಿನಿಂದ ಜಿಡ್ಡು ತೆಗೆದು ಒಣಗಿಸಿ, ಸ್ಯಾಂಡ್‌ಪೇಪರಿನಿಂದ ಲಘುವಾಗಿ ಉಜ್ಜಿ, ಗಾಢ ಬಣ್ಣದ ಒಂದು ಕೋಟ್ ಹಚ್ಚಿರಿ. ಅದು ಒಣಗಿದ ಮೇಲೆ, ಅಂಚು, ಕಾಲು, ಹಿಡಿಗಳಂತಹ, ಬಳಕೆಯಿಂದ ಸಹಜವಾಗಿ ಸವೆಯುವ ಜಾಗಗಳಿಗಷ್ಟೇ ಮೇಣದಬತ್ತಿ ತಿಕ್ಕಿ, ಮೇಲೆ ಮಾಸಲು ಬಿಳಿ ಬಣ್ಣ ಬಳಿದು, ಒಣಗಿದ ನಂತರ ಮತ್ತೆ ಉಜ್ಜಿದರೆ, ಮೇಣದ ಮೇಲೆ ಬಣ್ಣ ಹಿಡಿಯದ ಕಾರಣ ಅದು ಅಲ್ಲಲ್ಲಿ ಎದ್ದು ಬಂದು ಒಳಬಣ್ಣ ಕಾಣಿಸುತ್ತದೆ. ಎಲ್ಲೆಡೆ ಉಜ್ಜಿದರೆ ಕೃತಕವೆನಿಸುತ್ತದೆ. ಬಹಳ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯುಂಟು. ಅಂತಹ ಬಣ್ಣವನ್ನು ಉಜ್ಜಿ ಧೂಳೆಬ್ಬಿಸದೆ, ದಯವಿಟ್ಟು ಬೇರೆ ಮೇಜನ್ನೇ ಆರಿಸಿಕೊಳ್ಳಿರಿ.