ನಾಲ್ಕು ಕಣ್ಣಿನ ಕೆಂಪು ಜೀರುಂಡೆ: ಗುರುತಿಸುವುದು, ಫೋಟೊ ತೆಗೆಯುವುದು ಹೇಗೆ?

ಅಮೆರಿಕದ ಪೂರ್ವ ಭಾಗದಲ್ಲಿರುವ ಕನ್ನಡಿಗರೇ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ರಸ್ತೆ ಬದಿಯ ಮಿಲ್ಕ್‌ವೀಡ್ ಗಿಡಗಳ ಹತ್ತಿರ ಒಮ್ಮೆ ನಿಂತು ನೋಡಿ, ಈ ಜೀರುಂಡೆ ಸಿಗಬಹುದು. ನಮ್ಮೂರಿನ ಎಕ್ಕದ ಗಿಡದ ನಂಟಿನದೇ ಈ ಗಿಡ. ಎಲೆ ಮುರಿದರೆ ಅದೇ ಬಿಳಿ ಹಾಲು.

ಮೊದಲು ಜೀರುಂಡೆಯನ್ನಲ್ಲ, ಎಲೆಯನ್ನು ಹುಡುಕಿ. ಈ ಜೀರುಂಡೆ ಎಲೆಯ ನಡುನರವನ್ನು ಮೊದಲು ಕಚ್ಚಿ ಹಾಲು ಸೋರಿಹೋಗಲು ಬಿಡುತ್ತದೆ. ಆಮೇಲೆ ಅದರಿಂದಾಚೆಯ ತುದಿಯನ್ನು ತಿನ್ನುತ್ತದೆ. ಇಲ್ಲದಿದ್ದರೆ ಅಂಟು ಹಾಲು ಬಾಯಿಗೆ ಮೆತ್ತಿಕೊಳ್ಳುತ್ತದೆ, ಅಲ್ವಾ? ತುದಿ ಹೋಗಿ, ನರದ ಮೇಲೆ ಒಣಗಿದ ಹಾಲು ಕಂಡರೆ ಅದು ಅಲ್ಲೇ ಎಲ್ಲೋ ಇದೆ.

ಸುಮಾರು ಒಂದು ಸೆಂಟಿಮೀಟರ್ ಉದ್ದ, ಕೆಂಪು ಮೈ, ಕಪ್ಪು ಚುಕ್ಕೆ, ಉದ್ದನೆಯ ಕಪ್ಪು ಮೀಸೆ. ಅದೇ ಗಿಡದಲ್ಲಿ ಕೆಂಪು-ಕಪ್ಪು ತಿಗಣೆಗಳೂ ಇರುತ್ತವೆ. ಅವುಗಳ ರೆಕ್ಕೆ ಬೆನ್ನ ಮೇಲೆ ಒಂದರ ಮೇಲೊಂದು ಕೂರುತ್ತದೆ. ಜೀರುಂಡೆಗಾದರೆ ಬೆನ್ನ ನಡುವೆ ನೇರ ಗೆರೆ. ಇನ್ನೂ ಅನುಮಾನವಿದ್ದರೆ ಕಣ್ಣು ನೋಡಿ. ಮೀಸೆ ಕಣ್ಣಿನ ಮಧ್ಯದಿಂದಲೇ ಹೊರಟು, ಒಂದೊಂದು ಕಣ್ಣನ್ನೂ ಮೇಲೊಂದು ಕೆಳಗೊಂದು ತುಂಡಾಗಿಸಿದೆ. ಹೀಗೆ ನಾಲ್ಕು ಕಣ್ಣು! ಇದರ ಕುಲದ ಹೆಸರು ಟೆಟ್ರಾಓಪಿಸ್. ಗ್ರೀಕಿನಲ್ಲಿ ಅದರ ಅರ್ಥವೂ ಅದೇ.

ಈ ಕಣ್ಣು ಸಿಗದ ಫೋಟೊ ನನಗೆ ಅರ್ಧ ಫೋಟೊ. ಹಾಗಾಗಿ ಮೇಲಿನಿಂದ ತೆಗೆಯಬೇಡಿ. ಮಂಡಿಯೂರಿ, ಅದರ ಮುಖದ ಮಟ್ಟಕ್ಕೆ ಬಂದು, ಪಕ್ಕದಿಂದ ಕಣ್ಣಿಗೆ ಫೋಕಸ್ ಮಾಡಿ. ತಂಪಿನ ಮುಂಜಾನೆ ಒಳ್ಳೆಯದು, ಆಗ ಅದು ಜಾಸ್ತಿ ಓಡಾಡುವುದಿಲ್ಲ. ಚಿಕ್ಕದನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸಿಗೆ ಅಪರ್ಚರ್ ಎಫ್ 8, ಶಟರ್ ವೇಗ 1/250 ಸೆಕೆಂಡ್ ಇಟ್ಟು ಶುರು ಮಾಡಿ. ಫೋನಾದರೆ ಮ್ಯಾಕ್ರೊ ಕ್ಲಿಪ್ ಸಾಕು. ಬಿಸಿಲಲ್ಲಿ ಕೆಂಪು ಬಣ್ಣ ಒಡೆದು ಸುಮ್ನೆ ಒಂದು ಕೆಂಪು ಮುದ್ದೆಯಾಗುತ್ತದೆ. ಬಿಳಿ ಕೊಡೆ ಹಿಡಿದು ನೆರಳು ಮಾಡಿ, ಎಕ್ಸ್‌ಪೋಷರ್ (ಫೋಟೊಗೆ ಬೀಳುವ ಬೆಳಕು) ಸ್ವಲ್ಪ ಇಳಿಸಿ.

ಬೆದರಿದರೆ ಎಲೆಯಿಂದ ಕೆಳಗೆ ಬಿದ್ದು ಹುಲ್ಲಿನಲ್ಲಿ ಮಾಯ. ನಿಮ್ಮ ನೆರಳಾಗಲಿ ಕೊಡೆಯ ನೆರಳಾಗಲಿ ಅದರ ಮೇಲೆ ದಿಢೀರನೆ ಬೀಳದಿರಲಿ. ಮೆಲ್ಲಗೆ ಬೆರಳಲ್ಲಿ ಹಿಡಿದರೆ ಕಿರ್‌ಕಿರ್ ಎನ್ನುತ್ತದೆ, ಆ ನಡುಕ ಬೆರಳಿಗೂ ತಾಗುತ್ತದೆ. ಬೇಗ ಅದೇ ಗಿಡಕ್ಕೆ ಬಿಟ್ಟುಬಿಡಿ. ಹಾಲು ಮೆತ್ತಿದ ಕೈಯಲ್ಲಿ ಕಣ್ಣು ಮಾತ್ರ ಉಜ್ಜಬೇಡಿ, ಕಣ್ಣಿಗೆ ಪೆಟ್ಟಾಗುತ್ತದೆ. ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಹೊರಡುವ ಮುಂಚೆ ಗಿಡದ ಎಲೆ, ಹೂವಿನ ಫೋಟೊವನ್ನೂ ತೆಗೆದುಕೊಳ್ಳಿ. ಈ ಕುಲದ ಹಲವು ಜಾತಿಗಳು ತಮ್ಮದೇ ಬಗೆಯ ಮಿಲ್ಕ್‌ವೀಡನ್ನು ಹಿಡಿದುಕೊಂಡಿರುತ್ತವೆ. ಯಾವ ಗಿಡ ಎಂದು ಗೊತ್ತಾದರೆ ಯಾವ ಜೀರುಂಡೆ ಎಂದು ಹೇಳುವುದು ಸುಲಭ.