ಒಂದು ಹಳ್ಳಿಯ ಜನರ ಲೆಕ್ಕ: ನಾನು ಮಾಡಿದ್ದು ಹೀಗೆ

ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಯೊಂದರ ಬೆಂಗಳೂರು ಕಚೇರಿಯಲ್ಲಿದ್ದೇನೆ. ಹೊಸ ಊರಿಗೆ ಹೋಗುವ ಮುಂಚೆ ಅಲ್ಲಿ ಯಾರ್ಯಾರಿದ್ದಾರೆ, ಹೇಗೆ ಬದುಕುತ್ತಾರೆ ಅಂತ ಬರೆದುಕೊಡುವುದು ನನ್ನ ಪಾಲಿನ ಕೆಲಸ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಊರಿಗೆ ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ಮೊದಲು 2011ರ ಜನಗಣತಿಯ ಪಟ್ಟಿ ತೆಗೆದೆ. ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ. ಹಾಗಾಗಿ ಆರಂಕಿಯ ಗ್ರಾಮ ಸಂಖ್ಯೆ ಹಿಡಿದೇ ಹುಡುಕಬೇಕು. ಅಲ್ಲಿ ಗ್ರಾಮ ಅಂದರೆ ಕಂದಾಯ ಗ್ರಾಮ, ಅಂದರೆ ಸರ್ಕಾರದ ಜಮೀನು ದಾಖಲೆಯಲ್ಲಿ ಒಂದೇ ಊರು ಅಂತ ಗುರುತಿಸಿದ ಜಾಗ. ನಮ್ಮ ಊರಿನ ಲೆಕ್ಕದಲ್ಲಿ ಮುಖ್ಯ ಊರು, ಆಚೆಗಿರುವ ಹಟ್ಟಿ, ಕೆರೆ ಕೆಳಗಿನ ಕಾಲೊನಿ ಮೂರೂ ಒಟ್ಟಿಗೇ ಸೇರಿದ್ದವು. ಊರಲ್ಲಿ ಓದಿದವರು ಜಾಸ್ತಿ ಇದ್ದು ಕಾಲೊನಿಯಲ್ಲಿ ಕಮ್ಮಿ ಇದ್ದರೆ, ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ.

ಸಾಕ್ಷರತೆಯ ಲೆಕ್ಕ ಹಾಕುವಾಗ ಆರು ವರ್ಷದವರೆಗಿನ ಮಕ್ಕಳನ್ನು ಕಳೆಯಬೇಕು. 1,000 ಜನರಲ್ಲಿ 120 ಪುಟ್ಟ ಮಕ್ಕಳು, 616 ಜನ ಓದು ಬರಹ ಬಲ್ಲವರು ಅಂದುಕೊಳ್ಳಿ. 616ನ್ನು ಭಾಗಿಸಬೇಕಾದ್ದು 880ರಿಂದ. ಆಗ ಶೇ. 70 ಬರುತ್ತದೆ. 1,000ದಿಂದ ಭಾಗಿಸಿದರೆ ಶೇ. 61.6 ಆಗಿಬಿಡುತ್ತದೆ.

ಹೆಣ್ಣು ಗಂಡಿನ ಅನುಪಾತಕ್ಕೂ ಎಚ್ಚರ ಬೇಕು. 2011ರಲ್ಲಿ ಸಾವಿರ ಗಂಡಸರಿಗೆ ಕರ್ನಾಟಕದಲ್ಲಿ 973 ಹೆಂಗಸರು, ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ 946. ಫ್ಯಾಕ್ಟರಿ ಹತ್ತಿರದ ಊರಲ್ಲಿ ಬಾಡಿಗೆ ರೂಮುಗಳಲ್ಲಿರುವ ಗಂಡಾಳುಗಳಿಂದಲೇ ಈ ಅಂಕಿ ಇಳಿಯಬಹುದು. ಅದಕ್ಕೇ ಪುಟ್ಟ ಮಕ್ಕಳ ಅನುಪಾತವನ್ನು ಬೇರೆಯಾಗಿ ನೋಡುತ್ತೇನೆ.

ಜಾತಿಯ ವಿಷಯದಲ್ಲಿ ಆ ಪಟ್ಟಿ ಕೊಡುವುದು ಎರಡೇ ಅಂಕಿ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲೇ 101 ಜಾತಿಗಳಿವೆ. ಎಲ್ಲ ಜಾತಿಗಳ ಲೆಕ್ಕ ಜನಗಣತಿಯಲ್ಲಿ ಕಡೆಯದಾಗಿ ಸಿಕ್ಕಿದ್ದು 1931ರದು. ಉಳಿದದ್ದನ್ನು ಊರಲ್ಲೇ ಕೇಳಬೇಕು, ಅದೂ ಒಂದೇ ಬೀದಿಯವರನ್ನು ಕೇಳಿದರೆ ಸಾಲದು. ನಾನು ಅಂಗನವಾಡಿ ಕಾರ್ಯಕರ್ತೆಯ ಜೊತೆ ಕೂತು, ಅವರ ಸಮೀಕ್ಷೆ ರಿಜಿಸ್ಟರ್ ನೋಡಿಕೊಂಡು ಊರು, ಹಟ್ಟಿ, ಕಾಲೊನಿಯ ಮನೆಗಳನ್ನು ಬೇರೆಬೇರೆಯಾಗಿ ಎಣಿಸಿದೆ. ಈಗಿನ ಮಕ್ಕಳು, ಬಸುರಿಯರು, ಬಂದುಹೋದ ಕುಟುಂಬಗಳು, ಎಲ್ಲ ಅವರಿಗೆ ಗೊತ್ತು.

ನನಗೆ ಬಹಳ ಮುಖ್ಯ ಅನಿಸಿದ್ದು ಹೆಂಗಸರ ದುಡಿಮೆ. ಜನಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ದುಡಿದವರು ಮುಖ್ಯ ಕೆಲಸಗಾರರು, ಕಮ್ಮಿ ದುಡಿದವರು ಅಲ್ಪಾವಧಿ ಕೆಲಸಗಾರರು. ಕೂಲಿ ಇಲ್ಲದೆ ಸ್ವಂತ ಹೊಲದಲ್ಲಿ ಮಾಡಿದ್ದೂ ಕೆಲಸವೇ. ಹಸು ಸಾಕಿ ಹಾಲು ಕರೆಯುವುದೂ ಕೆಲಸವೇ. ಆದರೆ ಊರಿನ ಪಟ್ಟಿಯಲ್ಲಿ ಮುಕ್ಕಾಲು ಭಾಗ ಹೆಂಗಸರು ಕೆಲಸವಿಲ್ಲದವರು ಅಂತಿತ್ತು. ಒಂದು ಮನೆಯಲ್ಲಿ ಕೇಳಿದಾಗ ಯಜಮಾನರು ಹೆಂಡತಿಯ ಬಗ್ಗೆ, “ಅವಳು ಮನೇಲೇ ಇರೋದು” ಅಂದರು. ನಾನು ಆಕೆಯನ್ನೇ ಕೇಳಿದೆ.

“ಹಸು ಕರೆಯೋದು ಯಾರಮ್ಮ?”

“ನಾನೇ ಕಣಮ್ಮ. ಎರಡು ಹೊತ್ತೂ.”

“ಡೈರಿಗೆ ಹಾಕೋದು?”

“ಅದೂ ನಾನೇ. ಹುಲ್ಲು ತರೋದೂ ನಾನೇ, ರಾಗಿ ಕಳೆ ಕೀಳೋದೂ ನಾನೇ.”

ಆಮೇಲಿಂದ “ಕೆಲಸ ಮಾಡ್ತೀರಾ” ಅಂತ ಕೇಳುವುದನ್ನೇ ಬಿಟ್ಟೆ. ಬೆಳಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀರಿ ಅಂತ ಕೇಳುತ್ತೇನೆ, ಅದೂ ಅವರನ್ನೇ. ಮುಂದಿನ ಜನಗಣತಿ 2027ಕ್ಕೆ, ಅದರಲ್ಲಿ ಜಾತಿಯನ್ನೂ ಕೇಳುತ್ತಾರೆ. ಗಣತಿಯವರು ನಿಮ್ಮ ಮನೆಗೆ ಬಂದಾಗ, ಕೆಲಸದ ಪ್ರಶ್ನೆಗೆ ಮನೆಯ ಹೆಂಗಸರೇ ಉತ್ತರ ಹೇಳುವ ಹಾಗೆ ದಯವಿಟ್ಟು ನೋಡಿಕೊಳ್ಳಿ.