ಗಡಿಬೆಟ್ಟದ ಹಳೆಯ ಹೆಸರನ್ನು ಹುಡುಕುವ ಬಗೆ

ದಸ್ತಾವೇಜು ಬರೆಯುವುದು ನನ್ನ ಕೆಲಸ. ಹಳೆಯ ಪತ್ರಗಳ ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ಎಲ್ಲೆಗಳ ವಿವರ, ಓದುತ್ತಾ ಕಾಸರಗೋಡಿನ ಬೆಟ್ಟಗಳ ಹೆಸರುಗಳ ಬೆನ್ನು ಹತ್ತಿದೆ. ನಿಮಗೂ ಆಸೆಯಿದ್ದರೆ ಮೊದಲು ಒಂದು ಮಾತು: ಈಗಿನ ಹೆಸರನ್ನು ನೋಡಿ ಕಥೆ ಕಟ್ಟಬೇಡಿ.

ಪನತ್ತಡಿಯ ರಾಣಿಪುರಂ ಬೆಟ್ಟ ನೋಡಿ. ಇಕ್ಕೇರಿ ನಾಯಕರ ಬೇಕಲ ಕೋಟೆ ಕಂಡವರಿಗೆ ಆ ಮನೆತನದ ಯಾವುದೋ ರಾಣಿ ನೆನಪಾಗುವುದು ಸಹಜ. ಆದರೆ ಅದು ಮೊದಲು ಮಾಡತ್ತುಮಲ. 1970ರಲ್ಲಿ ಕೋಟ್ಟಯಂ ಕ್ರೈಸ್ತ ಧರ್ಮಪ್ರಾಂತ್ಯ ಅಲ್ಲಿ ಜಾಗ ಪಡೆದ ಮೇಲೆ, ರಾಣಿಯೆಂದು ಕರೆಯುವ ಮಾತೆ ಮೇರಿಯ ಗೌರವಾರ್ಥ ರಾಣಿಪುರಂ ಆಯಿತು.

ಕಾಗದಪತ್ರಗಳನ್ನು ಕೇರಳದ ಹೆಸರಿನಡಿ ಮಾತ್ರ ಹುಡುಕಬೇಡಿ. 1956ರ ನವೆಂಬರ್ 1ರವರೆಗೆ ಈ ಬೆಟ್ಟಸಾಲಿನ ಪಡುವಣ ಮಗ್ಗುಲು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಮೂಡಣದ್ದು ಕೊಡಗಿಗೆ. ಮನೆಯ ಹಳೆಯ ಪತ್ರಗಳಿದ್ದರೆ ಅವನ್ನೂ ಬಿಚ್ಚಿ. ಚಕ್ಕುಬಂದಿಯಲ್ಲಿ ಬರುವ ತೋಡು, ಕಾನ, ಗುಡ್ಡಗಳ ಹೆಸರುಗಳನ್ನು ಇದ್ದಂತೆಯೇ ನಕಲು ಮಾಡಿ, ಅಕ್ಷರ ತಿದ್ದಬೇಡಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯೂ ಬೇಕು, ಆದರೆ ಶಿಖರದ ಪಕ್ಕದಲ್ಲಿ ಬರೀ ಎತ್ತರದ ಅಂಕಿ ಇರುವುದುಂಟು.

ನಿಜವಾದ ಕೆಲಸ ಮನೆಯಂಗಳಗಳಲ್ಲಿ. "ಈ ಬೆಟ್ಟದ ಹೆಸರೇನು?" ಎಂದು ನೇರವಾಗಿ ಕೇಳಿದರೆ ಪ್ರವಾಸಿಗರಿಗೆ ಹೇಳುವ ಹೆಸರನ್ನೇ ಹೇಳಿಬಿಡುತ್ತಾರೆ. "ಅಜ್ಜಿ, ನಿಮ್ಮ ಕಾಲದಲ್ಲಿ ದನ ಎಲ್ಲಿಗೆ ಮೇಯಲು ಹೋಗುತ್ತಿತ್ತು? ಬೇಸಿಗೆಯಲ್ಲಿ ನೀರು ಯಾವ ಕಡೆಯಿಂದ ಬರುತ್ತಿತ್ತು?" ಎಂದು ಕೇಳಿ ನೋಡಿ. ತುದಿಗೊಂದು, ಬಂಡೆಗೊಂದು, ಹುಲ್ಲುಗಾವಲಿಗೊಂದು ಹೆಸರು ತಾವಾಗಿಯೇ ಬರುತ್ತವೆ. ಬೆಟ್ಟಕ್ಕೆ ಒಂದೇ ಹೆಸರಿರಬೇಕೆಂಬುದು ನಕ್ಷೆ ಮಾಡುವವರ ಅಗತ್ಯ. ಸೊಪ್ಪು ತರಲು ಹೋಗುತ್ತಿದ್ದವರಿಗೆ ಅದು ಸಾಲುತ್ತಿರಲಿಲ್ಲ.

ತುಳು, ಮಲಯಾಳ, ಕನ್ನಡ, ಮರಾಠಿ, ಅರೆಭಾಷೆ ಯಾವುದರಲ್ಲಿ ಹೇಳಿದರೂ ಕೇಳಿಸಿದಂತೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಲ-ಳ, ನ-ಣ ಕಲಸಿ ಹೋಗುತ್ತವೆ. ಹೇಳಿದವರ ಮನೆ ಬೆಟ್ಟದ ಯಾವ ಮಗ್ಗುಲಿನಲ್ಲಿದೆ ಎಂಬುದನ್ನು ಪಕ್ಕದಲ್ಲೇ ಗುರುತಿಸಿ.

ಆಮೇಲೆ ಆಚೆ ಮಗ್ಗುಲಿಗೂ ಹೋಗಲೇಬೇಕು. ರಾಣಿಪುರಂನ ಹುಲ್ಲುಗಾವಲು ದಾಟಿ ಕಾಡಿನೊಳಗೆ ಇಳಿಯಬೇಡಿ. ಆಚೆಗಿರುವುದು ತಲಕಾವೇರಿ ವನ್ಯಜೀವಿಧಾಮ, ಆನೆಗಳಿರುವ ಜಾಗ. ಪಾಣತ್ತೂರಿನಿಂದ ಭಾಗಮಂಡಲದ ರಸ್ತೆ ಹಿಡಿದು ಕೊಡಗಿನ ಕರಿಕೆಯಲ್ಲಿ ಇಳಿಯಿರಿ, ಅದೇ ಪ್ರಶ್ನೆಗಳನ್ನು ಅಲ್ಲಿಯೂ ಕೇಳಿ.